ಬಾಣಂತಿ ಮೊಲಕ್ಕೊಂದು ತೌರುಮನೆ

ಹರದನಹಳ್ಳಿಯಲ್ಲಿ ಇನ್ನೂ ಕೋಳಿ ಕೂಗಿ ಮುಗಿದಿಲ್ಲ. ಸಣ್ಣಕ್ಕ ಮನೆ ಹಿತ್ತಲಲ್ಲಿ ಸೊಂಟ ಬಗ್ಗಿಸಿ ಮೊಲದ ಗೂಡಿನ ಹಲಗೆ ಸಂದಿಯಿಂದ ಹಿಕ್ಕೆ ಕೆರೆದು ತೆಗೆಯುತ್ತಿದ್ದಾರೆ. ನಿನ್ನೆ ಕೊಯ್ದು ಆರಹಾಕಿದ ಗರಿಕೆಯನ್ನು ಹಿಡಿಹಿಡಿಯಾಗಿ ಕೊಡವಿ ಮೂಗಿಗೆ ಹಿಡಿಯುತ್ತಾರೆ. ಮುಗ್ಗಲು ವಾಸನೆ ಬಂದದ್ದು ತಿಪ್ಪೆಗೆ, ಮಿಕ್ಕಿದ್ದು ಮೊಲಕ್ಕೆ.

ಡೈರಿಗೆ ಹೊರಟ ಪಕ್ಕದ ಮನೆ ದೇವರಾಜು ಹಾಲಿನ ಕ್ಯಾನು ಹಿಡಿದು ಬೇಲಿಯಾಚೆ ನಿಲ್ಲುತ್ತಾನೆ. ದಿನಾ ಕೇಳೋದನ್ನೇ ಕೇಳುತ್ತಾನೆ: "ಏನಕ್ಕ, ಸಾರು ಯಾವತ್ತು?"

"ನಿನ್ ತಿಥಿ ದಿನ ಕಣ್ಲಾ. ಮೊದ್ಲು ನೀ ಸಾಯಿ, ಆಮೇಲ್ ನೋಡಾನ."

ಸಣ್ಣಕ್ಕ ಮೊಲ ಸಾಕಬೇಕು ಅಂತ ಹೊರಟವರಲ್ಲ. ಹಾಸನದ ಮನೆಯೊಂದರಲ್ಲಿ ಪಾತ್ರೆ ತಿಕ್ಕುತ್ತಿದ್ದರು. ಆ ಮನೆಯವರು ಊರು ಬಿಟ್ಟರು. ಟಿವಿ ಹೋಯಿತು, ಸೋಫಾ ಹೋಯಿತು, ಹಳೇ ಪೊರಕೆಯೂ ಹೋಯಿತು. ಬಚ್ಚಲಲ್ಲಿ ಎರಡು ಮೊಲ ಉಳಿದವು. ಮಗುವಿಗೆ ಬೇಜಾರಾಯಿತಂತೆ! ಬೇಜಾರಾದರೆ ಬಿಸಾಕಿ ಹೋಗೋಕೆ ಅದೇನು ಬ್ಯಾಟರಿ ಮುಗಿದ ಆಟದ ಕಾರೇ? ಎರಡನ್ನೂ ಬುಟ್ಟಿಗೆ ಹಾಕಿ ಸಣ್ಣಕ್ಕ ಊರ ಕಡೆಯ ಹೊಳೆನರಸೀಪುರದ ಬಸ್ಸು ಹತ್ತಿದರು.

ಮೊದಲ ಬೇಸಿಗೆಯೇ ಹೊಡೆತ ಕೊಟ್ಟಿತು. ತಗಡಿನ ಸೂರಿನ ಕಾವಿಗೆ ಮರಿಗಳು ಉಳಿಯಲಿಲ್ಲ. ತಂತಿ ಜಾಲರಿ ಮೇಲೆ ನಿಂತೂ ನಿಂತೂ ದೊಡ್ಡವುಗಳ ಅಂಗಾಲು ಹುಣ್ಣಾಯಿತು. ಗಾರೆ ಕೆಲಸದ ಗಂಡ ಚೆನ್ನಯ್ಯ ಹಳೇ ಸೆಂಟ್ರಿಂಗ್ ಹಲಗೆ ಹೊತ್ತು ತಂದು ಗೂಡು ಕಟ್ಟಿದರು. ನಾಯಿಗೆ, ಹಾವಿಗೆ ಎಟುಕದ ಎತ್ತರ, ಮೇಲೆ ತೆಂಗಿನ ಗರಿ, ಒಳಗೆ ಅವಿತು ಕೂರೋಕೆ ಒಂದು ಕತ್ತಲೆ ಮೂಲೆ. ಗಂಡು ಬೇರೆ, ಹೆಣ್ಣು ಬೇರೆ. ಈಗ ಒಂಬತ್ತು ಮೊಲ ಇವೆ. ಅದಕ್ಕಿಂತ ಹೆಚ್ಚು ಸಣ್ಣಕ್ಕ ಸಾಕೋಲ್ಲ.

"ಬಿಟ್ರೆ ತಿಂಗ್ಳಿಗೊಂದ್ ಸೂಲು ಈಯ್ತವೆ. ಅವಕ್ಕೇನ್ ಗೊತ್ತು? ನಮ್ಗೆ ಬುದ್ಧಿ ಬ್ಯಾಡ್ವಾ? ಮರಿ ಉಟ್ಟೋಕ್ ಮುಂಚೆ ಮರಿಗೆ ಮನೆ ಉಟ್ಬೇಕು."

ಮೊಲ ಬೇಕು ಅಂದವರ ಮನೆಗೆ ಸಣ್ಣಕ್ಕ ಮೊದಲು ತಾವೇ ಹೋಗುತ್ತಾರೆ, ಹೆಣ್ಣು ಕೊಡೋರು ಗಂಡಿನ ಮನೆ ನೋಡೋಕೆ ಹೋದ ಹಾಗೆ. ನೆರಳು ಎಲ್ಲಿ, ನಾಯಿ ಉಂಟಾ, ಹಬ್ಬಕ್ಕೆ ಊರಿಗೆ ಹೋದರೆ ನೋಡೋರ್ಯಾರು, ಎಲ್ಲಾ ಕೇಳುತ್ತಾರೆ. ಇನ್ನೊಂದು ಕರಾರೂ ಇದೆ: ಕೊಟ್ಟ ಹೆಣ್ಣು ಬಸುರಾದರೆ ಚೊಚ್ಚಲ ಬಾಣಂತನ ಇಲ್ಲೇ, ತೌರಲ್ಲೇ. ಮರಿ ಹಾಲು ಬಿಟ್ಟು ಹುಲ್ಲು ಕಚ್ಚೋವರೆಗೆ ಯಾರೂ ಕೇಳಂಗಿಲ್ಲ.

ಈ ಸಲ ಕೇಳಿಬಿಟ್ಟರು.

ಹಾಸನದ ಕಂಟ್ರ್ಯಾಕ್ಟರ್ ಸುದರ್ಶನ್ ಮನೆಗೆ ಹೋದ ವರ್ಷ ಕೊಟ್ಟ ಬೂದುಬಣ್ಣದ ಹೆಣ್ಣು ಮೊಲ, ಗುಬ್ಬಿ ಅಂತ ಹೆಸರು, ಬಾಣಂತನಕ್ಕೆ ಬಂದಿದೆ. ಆರು ಮರಿ, ಈಗಷ್ಟೇ ಕಣ್ಣು ಬಿಟ್ಟಿವೆ. ಬರುವ ಭಾನುವಾರ ಸುದರ್ಶನ್ ಮಗಳು ಅನುಶ್ರೀಯ ಬರ್ತ್‌ಡೇ. ಬಂದ ಮಕ್ಕಳಿಗೆ ಒಂದೊಂದು ಮರಿ, ಬಣ್ಣದ ಡಬ್ಬಿಯಲ್ಲಿ, ರಿಟರ್ನ್ ಗಿಫ್ಟು! ಹಾಲು ಕುಡಿಯೋ ಜೀವ ಅದು. ಕೇಕಿನ ಚೂರು ತಿಂದು, ಹೊಟ್ಟೆ ಕೆಟ್ಟು, ಫೋಟೋಗೆ ಲೈಕು ಬೀಳೋದು ನಿಲ್ಲೋ ಹೊತ್ತಿಗೆ ಸತ್ತಿರುತ್ತದೆ. ಆಮೇಲೆ ಕಸದ ಗಾಡಿ.

"ಮೊಲ ನಂದು, ಮರೀನೂ ನಂದೇ. ಮಧ್ಯ ನಿಂದೇನಮ್ಮ?" ಅಂತ ಸುದರ್ಶನ್ ಫೋನಿನಲ್ಲಿ ರೇಗಿದರು.

"ಮೊಲ ನಿಮ್ದೇ ಸಾ. ಬಾಣಂತಿ ನನ್ನೋಳು."

ನಿನ್ನೆ ಅವರ ಹೆಂಡತಿ ಆಶಾರಾಣಿ ಕಾರಲ್ಲಿ ಬಂದರು. ಗೂಡಿನ ಈ ತುದಿಯ ಪೆಟ್ಟಿಗೆಯಲ್ಲಿ ಮರಿಗಳು, ಆ ತುದಿಯಲ್ಲಿ ಗುಬ್ಬಿ. "ಅದು ಹತ್ರಾನೂ ಸುಳಿಯಲ್ವಲ್ಲಾ! ತಾಯಿಗೇ ಬೇಡ್ದಿದ್ ಮೇಲೆ ನಮ್ ತಪ್ಪೇನು?" ಅಂದರು. ಸಣ್ಣಕ್ಕ ವಾದಕ್ಕೆ ಹೋಗಲಿಲ್ಲ. "ನಾಳೆ ಒತ್ತಾರೆ, ಕೋಳಿ ಕೂಗೋ ಒತ್ಗೆ ಬನ್ರವ್ವ. ನೋಡಿದ್ ಮೇಲೂ ಬೇಕು ಅನ್ಸಿದ್ರೆ ಎತ್ಕೊಂಡೋಗಿ. ನಾ ತಡಿಯಾಕಿಲ್ಲ." ಚೆನ್ನಯ್ಯ ರಾತ್ರಿಯೆಲ್ಲಾ ಗೊಣಗಿದರು: "ಅಂಗೆಲ್ಲಾ ಮಾತ್ ಕೊಡ್ತಾರೇನಮ್ಮಿ?"

ಹೊಳೆನರಸೀಪುರದ ತಾಯಿಮನೆಯಲ್ಲಿ ಉಳಿದಿದ್ದ ಆಶಾರಾಣಿ ಈಗ ಬಂದಿದ್ದಾರೆ. ಕಾರಿನ ಹಿಂದಿನ ಸೀಟಲ್ಲಿ ರಟ್ಟಿನ ಡಬ್ಬಿ. ಸಣ್ಣಕ್ಕ ತುಟಿ ಮೇಲೆ ಬೆರಳಿಟ್ಟು ಅವರನ್ನು ಗೋಣಿ ಪರದೆ ಹಿಂದೆ ನಿಲ್ಲಿಸುತ್ತಾರೆ. ಗುಬ್ಬಿ ಮಿಸುಕುವುದಿಲ್ಲ. ಆಶಾರಾಣಿ ವಾಚು ನೋಡುತ್ತಾರೆ. ಸಣ್ಣಕ್ಕನ ಕೈ ಸೆರಗನ್ನು ಹಿಂಡುತ್ತಿದೆ.

ಗುಬ್ಬಿ ಎದ್ದು ಮೂಗು ಅರಳಿಸಿ ಆಚೀಚೆ ನೋಡಿ, ಒಂದೇ ನೆಗೆತಕ್ಕೆ ಪೆಟ್ಟಿಗೆಯೊಳಗೆ. ತಾನೇ ಎದೆಯಿಂದ ಕಿತ್ತು ಹಾಸಿದ್ದ ತುಪ್ಪಳ ಅಲುಗಾಡುತ್ತದೆ. ಆರು ಮರಿಗಳೂ ಅಂಗಾತ ಬಿದ್ದು ಹೊಟ್ಟೆಗೆ ಕಚ್ಚಿಕೊಳ್ಳುತ್ತವೆ. ತಾಯಿ ಕಲ್ಲಿನ ಹಾಗೆ ನಿಂತಿದೆ. ನಾಲ್ಕೈದು ನಿಮಿಷ, ಅಷ್ಟೇ. ಮತ್ತೆ ಹಾರಿ ತನ್ನ ಮೂಲೆಗೆ.

"ಪಕ್ದಲ್ಲೇ ಕುಂತ್ರೆ ಇದ್ರ ವಾಸ್ನೆ ಇಡ್ಕೊಂಡು ನರಿ ಗಿರಿ ಬತ್ತದೆ ಅಂತ ಭಯ ಕಣವ್ವ," ಸಣ್ಣಕ್ಕ ಪಿಸುಗುಡುತ್ತಾರೆ. "ಒತ್ತಾರೆ ಒಂದ್ಸಲ ಆಲು ಕೊಟ್ಟು, ಆಮೇಲ್ ದೂರ ಕುಂತೇ ಕಾಯ್ತದೆ."

ಆಶಾರಾಣಿ ವಿಡಿಯೋ ಮಾಡೋಕೆ ಹಿಡಿದಿದ್ದ ಫೋನಲ್ಲಿ ಗಂಡನ ನಂಬರು ಒತ್ತುತ್ತಾರೆ. "ರಿಟರ್ನ್ ಗಿಫ್ಟಿಗೆ ಬಣ್ಣದ ಪೆನ್ಸಿಲ್ ತಗೊಳ್ಳಿ... ಇಲ್ಲ, ನಾನ್ ತರಲ್ಲ... ಅನುಗೆ ನಾನೇ ಹೇಳ್ತೀನಿ. ಕೂಗಾಡ್ಬೇಡಿ, ಮೊದ್ಲು ಬಂದು ನೋಡಿ."

ಫೋನಿಟ್ಟು, ಬಗ್ಗಿ, ಮಗುವಿನ ಹಾಗೆ ಕೇಳುತ್ತಾರೆ: "ಒಂದ್ಸಲ ಮುಟ್ಲಾ, ಸಣ್ಣಕ್ಕ?"

"ಈಗ ಬ್ಯಾಡ ಕಣವ್ವ, ಒಟ್ಟೆ ತುಂಬೈತೆ, ಮಲಗ್ಲಿ." ಸಣ್ಣಕ್ಕ ಗೂಡಿನ ಬಾಗಿಲು ಸದ್ದಾಗದಂತೆ ಮುಚ್ಚುತ್ತಾರೆ. "ಇಲ್ಲಿರೋಗಂಟ ಒಂದ್ ಮರೀನೂ ಅಸ್ಕೊಂಡ್ ಮಲಗಾಕಿಲ್ಲ."