ಮೂರನೆಯ ಕೂಗು

ಅವರು ಕೂಗುವಾಗ ಕತ್ತಿನ ನರವೊಂದು ಬೆರಳಿನಷ್ಟು ದಪ್ಪ ಉಬ್ಬುತ್ತಿತ್ತು. ಮೈಯಲ್ಲಿ ಬೇರೆಲ್ಲೂ ಮಾಂಸವಿರಲಿಲ್ಲ. ನಾನು ಪುಂಡಿಪಲ್ಯದ ಎಲೆ ಬಿಡಿಸುತ್ತ ಕೂತಿದ್ದೆ, ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಹೇಳಿದಳು, "ಅಕ್ಕಾ, ಕೋರ್ಟಿನ ಚಾಚಾ ಹೋಗಿಬಿಟ್ರಂತ್ರಿ, ನಸುಕಿನ್ಯಾಗ." ಮೊದಲು ನೆನಪಾದದ್ದು ಆ ನರ.

ಭಾಲ್ಕಿಯ ಹಳೆಯ ಕೋರ್ಟಿನಲ್ಲಿ ಅವರು ಚಪರಾಸಿ. ನಿಜಾಮರ ಕಾಲದ ಕಲ್ಲುಕಟ್ಟಡ, ಮುಂದೆ ಕಮಾನಿನ ಪಡಸಾಲೆ. ಕೇಸಿನವರ ಹೆಸರನ್ನು ಅಲ್ಲಿಂದ ಮೂರು ಸಲ ಕೂಗಬೇಕು. ಮೂರಕ್ಕೂ ಬರದಿದ್ದರೆ ಕೇಸು ಬಿತ್ತು. ಚಾಚಾ ಎರಡು ಸಲ ಪಡಸಾಲೆಯಲ್ಲಿ ನಿಂತು ಕೂಗುತ್ತಿದ್ದರು. ಮೂರನೆಯದಕ್ಕೆ ಮೆಟ್ಟಿಲಿಳಿದು ಚಹಾದಂಗಡಿ, ಬೇವಿನ ಮರ, ಹಿತ್ತಲು ಎಲ್ಲ ಸುತ್ತಿ ಬರುತ್ತಿದ್ದರು. "ಹಳ್ಳಿ ಮಂದಿ ಅಂಜಿ ಮೂಲ್ಯಾಗ ಕುಂತಿರ್ತಾರವಾ. ಮೂರನೇದು ಬಾಯಿಲೆ ಅಲ್ಲ, ಕಾಲಿಲೆ ಕೂಗಬೇಕು" ಎನ್ನುತ್ತಿದ್ದರು.

ನನ್ನ ಯಜಮಾನರು ತೀರಿಕೊಂಡ ವರ್ಷ ಭಾವ ನಮ್ಮ ಎರಡು ಕೋಣೆಗೆ ಬೀಗ ಹಾಕಿದರು. ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು, ತವರೂರು ಔರಾದಿನಿಂದ ಕೋರ್ಟಿಗೆ ಅಲೆದೆ. ನಾನು ಹೇಳಿಕೆ ಕೊಡಬೇಕಾದ ದಿನವೇ ನಮ್ಮ ವಕೀಲರ ಬಸ್ಸು ಬೀದರಿನಿಂದ ಬಂದಿರಲಿಲ್ಲ. ಕಟ್ಟಡದ ಹಿಂದೆ ಹೋಗಿ ಮೊಣಕಾಲೂರಿ ಪ್ರಾರ್ಥನೆಗೆ ಕೂತೆ. ಹೆಸರು ಕೇಳಿಸಿತು. ಮತ್ತೊಮ್ಮೆಯೂ ಕೇಳಿಸಿತು. ಕರ್ತನ ಮುಂದೆ ಕೂತವರು ಆಮೆನ್ ಅನ್ನದೆ ಏಳಬಾರದು ಎಂದು ನಮ್ಮವ್ವ ಕಲಿಸಿದ್ದಳು. ಆಮೆನ್ ಇನ್ನೂ ದೂರವಿತ್ತು.

ಬೀಡಿಯ ವಾಸನೆ ಬಂತು. ಚಾಚಾ ಕೂಗಲಿಲ್ಲ, ಬಗ್ಗಿ ಮೆಲ್ಲಗೆ ಅಂದರು, "ನಾನೂ ನಮಾಜಿನಾಂವನೇ, ತಾಯಿ. ದೇವರು ಕಾಯ್ತಾನ, ಸಾಹೇಬ್ರು ಕಾಯಂಗಿಲ್ಲ. ಏಳವಾ."

ಒಳಗೆ ಜಡ್ಜ್ ಸಾಹೇಬರು, "ಎಲ್ಲಿದ್ದಿರಿ ಇಷ್ಟೊತ್ತು?" ಎಂದು ಕೇಳಿದರು. ಚಾಚಾ ಕೈಕಟ್ಟಿ ನಿಂತು, "ಮ್ಯಾಲಿನ ಕೋರ್ಟಿಗೆ ಹೋಗಿದ್ರು ಸಾಬ್, ಈಗ ಬಂದ್ರು" ಎಂದರು. ಭಾವನ ವಕೀಲರೂ ನಕ್ಕರು. ಆ ನಗುವಿನಲ್ಲಿ ನನ್ನ ನಾಲಿಗೆ ಸಡಿಲಾಯಿತು, ಹೇಳಬೇಕಾದ್ದನ್ನೆಲ್ಲ ಹೇಳಿದೆ. ಮುಂದೆ ಬೀಗ ತೆಗೆಸಿ ಕೊಟ್ಟರು. ಆ ಎರಡು ಕೋಣೆಗಳಲ್ಲೇ ಮಗಳು ಬೆಳೆದಳು, ನಾನು ಈಗಲೂ ಇದ್ದೇನೆ.

ಕ್ರಿಸ್ಮಸ್ಸಿಗೆ ಕರ್ಜಿಕಾಯಿ ಒಯ್ದರೆ, "ಹಬ್ಬ ನಿಮ್ದು, ಹೊಟ್ಟಿ ನಮ್ದು" ಎಂದು ನಿಂತಲ್ಲೇ ಒಂದು ತಿನ್ನುತ್ತಿದ್ದರು. ಅಂದು ಕೋರ್ಟಿನ ಹಿಂದೆ ನಾನು ಕಣ್ಣು ಮುಚ್ಚಿ ಸಹಾಯ ಬೇಡುತ್ತಿದ್ದೆ. ಅದು ಆಗಲೇ ಪಕ್ಕಕ್ಕೆ ಬಂದು ನಿಂತಿತ್ತು. ಕರ್ತನ ಉಪಕಾರ ಎಣಿಸುವಾಗ ಅದೊಂದನ್ನು ನಾನು ಎಂದೂ ಬಿಟ್ಟಿಲ್ಲ.

"ಮಣ್ಣು ಎಷ್ಟೊತ್ತಿಗಂತವಾ?" ಪಕ್ಕದ ಮನೆಯಾಕೆಯನ್ನು ಕೇಳಿದೆ.

"ಮಧ್ಯಾಹ್ನದ ನಮಾಜ್ ಆದ ಮ್ಯಾಲಂತ್ರಿ."

ಅವರ ಮನೆಯಲ್ಲಿ ಇವತ್ತು ಒಲೆ ಹಚ್ಚುವುದಿಲ್ಲ. ಅಟ್ಟದ ಮೇಲಿನ ದೊಡ್ಡ ಪಾತ್ರೆ ಇಳಿಸಿ, ಅನ್ನಕ್ಕೆ ಎಸರಿಟ್ಟೆ.