ಅರ್ಧಕ್ಕೆ ನಿಂತ ಛಾವಣಿ

ಆಗ ಅವಳಿಗೆ ಇಪ್ಪತ್ನಾಲ್ಕು ವರ್ಷ. ಹಿರಿಯ ಇಂಜಿನಿಯರೊಬ್ಬರ ಹಿಂದೆ ಒಂದೂವರೆ ವರ್ಷ ನಕ್ಷೆಯ ಸುರುಳಿ ಹಿಡಿದು ಓಡಾಡಿದ ಮೇಲೆ ಅವಳೊಬ್ಬಳ ಕೈಗೇ ಒಂದು ಕೆಲಸ ಬಂತು: ಶಾಲೆಯೊಂದಕ್ಕೆ ಎರಡು ಹೊಸ ಕೊಠಡಿ. ಸೊಂಟದಲ್ಲಿ ಸದಾ ಅಳತೆ ಟೇಪು ಸಿಕ್ಕಿಸಿಕೊಂಡಿರುತ್ತಿದ್ದಳೆಂದು ಕೆಲಸದವರು ಟೇಪಮ್ಮ ಎಂದು ಹೆಸರಿಟ್ಟರು. ಬೆನ್ನ ಹಿಂದಿನ ಹೆಸರು ವಾರದೊಳಗೆ ಎದುರಿಗೇ ಬಂತು. ಅವಳು ನಕ್ಕು ಸುಮ್ಮನಾದಳು.

ನಗು ಬಾರದಿದ್ದದ್ದು ಮೇಸ್ತ್ರಿಯ ಎದುರಿಗೆ. ಅವಳು ಹುಟ್ಟುವ ಮೊದಲಿನಿಂದ ಗಾರೆ ಕೆಲಸ ಮಾಡಿದವರು. ಏನು ಹೇಳಿದರೂ "ಆಗ್ಲಿ ಬಿಡಿ ಮೇಡಂ" ಎಂದು ತಮಗೆ ತೋಚಿದ್ದನ್ನೇ ಮಾಡುವರು. ತೊಂದರೆಯೆಂದರೆ, ಹತ್ತರಲ್ಲಿ ಒಂಬತ್ತು ಸಲ ಅವರು ಮಾಡಿದ್ದೇ ಸರಿಯಿರುತ್ತಿತ್ತು.

ಛಾವಣಿಗೆ ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ ಅವಳು ಕಬ್ಬಿಣದ ಸರಳುಗಳನ್ನು ಒಂದೂ ಬಿಡದೆ ಎಣಿಸಿದಳು. ತಪಾಸಣೆಯ ಹಾಳೆಯಲ್ಲಿ ಕೊನೆಗೆ ಉಳಿದದ್ದು ಕಾಂಕ್ರೀಟ್ ಸುರಿಯಲು ಜೋಡಿಸಿದ ಹಲಗೆಗಳನ್ನು ಹೊತ್ತ ಮರದ ಆಸರೆಗಂಬಗಳ ಬುಡದ ನೆಲ. ಅಷ್ಟು ಹೊತ್ತಿಗೆ ಅವಳ ಸೊಂಟ ಬಿದ್ದುಹೋಗಿತ್ತು. "ಕೆಳಗೆಲ್ಲ ನಾನು ನೋಡಿದೀನಿ," ಎಂದರು ಮೇಸ್ತ್ರಿ. ಅವಳು ಬಗ್ಗಿ ನೋಡಲಿಲ್ಲ. ಗುರುತು ಹಾಕಿ ಸಹಿ ಮಾಡಿದಳು.

ಬೆಳಗ್ಗೆ ಏಳಕ್ಕೆ ಮಿಕ್ಸರ್ ಶುರುವಾಯಿತು. ಹತ್ತೂವರೆಗೆ ಅರ್ಧ ಛಾವಣಿ ತುಂಬಿತ್ತು. ಮೇಲೆ ಹನ್ನೊಂದು ಜನ. ಯಾಕೋ ಸಮಾಧಾನವಿಲ್ಲದೆ ಅವಳು ಕೆಳಗಿಳಿದು, ತಲೆ ತಗ್ಗಿಸಿ ಕಂಬಗಳ ನಡುವೆ ನಡೆದಳು. ಮೂಲೆಯಲ್ಲಿ ಕಾಲು ಕೆಸರಿಗೆ ಇಳಿಯಿತು. ಗೋಡೆ ಪಕ್ಕದ ನೀರಿನ ಪೈಪು ಸೋರುತ್ತಿತ್ತು. ಸುತ್ತ ಪಾಚಿ ಕಟ್ಟಿತ್ತು. ಒಂದು ದಿನದ ಸೋರಿಕೆಯಲ್ಲ. ಅಲ್ಲಿದ್ದ ಮೂರು ಕಂಬಗಳು ಮಣ್ಣಿಗೆ ಎರಡು ಬೆರಳಷ್ಟು ಇಳಿದಿದ್ದವು. ಮಣ್ಣಿನ ಮಟ್ಟಕ್ಕೆ ಸರಿಯಾಗಿ ಅವಳು ಒಂದು ಕಂಬಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು.

ಮೇಸ್ತ್ರಿ ಬಂದು ನೋಡಿದರು. "ಅಷ್ಟಿಷ್ಟು ಇಳಿಯೋದು ಇದ್ದಿದ್ದೇ ಮೇಡಂ. ಅರ್ಧಕ್ಕೆ ನಿಲ್ಲಿಸಿದ್ರೆ ಛಾವಣಿ ಬೆಸುಗೆ ಕೂಡಲ್ಲ, ಮೊದಲ ಮಳೆಗೇ ಸೋರುತ್ತೆ. ಇನ್ನು ಎರಡು ಗಂಟೆ ಕೆಲಸ."

ಅವಳು ಹಿರಿಯ ಇಂಜಿನಿಯರಿಗೆ ಫೋನ್ ಮಾಡಿದಳು. ಅವರು ಬೇರೆ ಕಟ್ಟಡದಲ್ಲಿದ್ದರು. ಎಲ್ಲ ಕೇಳಿಸಿಕೊಂಡು, "ಅಲ್ಲಿರೋದು ನೀನು, ನಾನಲ್ಲ. ನಿನಗೇನು ಕಾಣ್ತಿದೆಯೋ ಅದರ ಮೇಲೆ ತೀರ್ಮಾನ ಮಾಡಮ್ಮ," ಎಂದರು.

ಅವಳು ಮತ್ತೆ ಕಂಬದ ಬುಡಕ್ಕೆ ಕೂತಳು. ಗೆರೆ ಕಾಣಲಿಲ್ಲ. ಕೆಸರನ್ನು ಬೆರಳಿನಿಂದ ಸರಿಸಿದಾಗ ಒಳಗೆ ಸಿಕ್ಕಿತು.

ಹೊರಗೆ ಓಡಿಬಂದು ತಾನೇ ಮಿಕ್ಸರ್ ಆರಿಸಿದಳು. ಆ ಗದ್ದಲ ನಿಂತದ್ದೇ ಎಲ್ಲರೂ ತಿರುಗಿ ನೋಡಿದರು. "ಎಲ್ಲರೂ ಇಳೀರಿ. ಸಾಮಾನು ಅಲ್ಲೇ ಇರ್ಲಿ. ಒಬ್ಬೊಬ್ಬರಾಗಿ, ಈ ಕಡೆಯಿಂದ." ಕೆಲಸದವರು ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಬೇರೆಲ್ಲೋ ನೋಡುತ್ತ ಇಳಿಯಿರೆಂಬಂತೆ ಕೈಯಾಡಿಸಿದರು.

ಇಳಿಯುವವರನ್ನು ಅವಳು ಬೆರಳು ಮಡಚಿ ಎಣಿಸಿದಳು. ಹನ್ನೊಂದನೆಯವನು ನೆಲ ಮುಟ್ಟಿದ.

"ಹೆಚ್ಚುವರಿ ಕಂಬ ಕೊಟ್ಟುಬಿಡ್ತೀನಿ, ಐದು ನಿಮಿಷ," ಎನ್ನುತ್ತ ಮೇಸ್ತ್ರಿ ಛಾವಣಿಯ ಕೆಳಗೆ ನುಗ್ಗಲು ಹೊರಟರು. ಅವಳು ಅವರ ತೋಳು ಹಿಡಿದಳು.

"ಬಿಡಿ ಮೇಡಂ."

"ಬಿಡಲ್ಲ. ಬೇಕಾದ್ರೆ ಬೈಯಿರಿ."

ಅವರು ಬೈದರು. ಬೈಯುತ್ತಿರುವಾಗಲೇ ಒಳಗೆ ಮರ ಮುರಿದ ಸದ್ದು ಬಂತು. ಮೂಲೆ ಮೊದಲು ನಿಧಾನವಾಗಿ ಬಾಗಿತು, ಆಮೇಲೆ ಹಲಗೆ, ಸರಳು, ಹಸಿ ಕಾಂಕ್ರೀಟ್ ಒಟ್ಟಿಗೇ ಕುಸಿದವು. ಬೂದು ನೀರು ಅವರಿಬ್ಬರ ಕಾಲಿನವರೆಗೂ ಹರಿದು ಬಂತು. ಮೇಸ್ತ್ರಿ ಜಲ್ಲಿ ರಾಶಿಯ ಮೇಲೆ ಕೂತರು. ಅವಳು ಶಾಲೆಯ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತಳು.

ಮಧ್ಯಾಹ್ನ ಹಿರಿಯ ಇಂಜಿನಿಯರು ಬಂದು ತಪಾಸಣೆಯ ಹಾಳೆ ಕೇಳಿದರು. "ಕಂಬದ ಬುಡ ಯಾರು ನೋಡಿದ್ದು?"

"ನೋಡದೇ ಸಹಿ ಹಾಕಿದ್ದು ನಾನು ಸರ್."

"ನೋಡಿದೀನಿ ಅಂದಿದ್ದು ನಾನು," ಎಂದರು ಮೇಸ್ತ್ರಿ. "ಕಂಬ ನಿಲ್ಲಿಸಿದ ದಿನ ನೋಡಿದ್ದೆ. ಆಮೇಲೆ ನೋಡಿರ್ಲಿಲ್ಲ."

ಹಿರಿಯರು ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು. ಹನ್ನೊಂದು ಜನ ಜೀವಸಹಿತ ಮನೆಗೆ ಹೋಗುತ್ತಿದ್ದಾರೆ ಎಂಬುದನ್ನೂ ಹೇಳಿದರು, ಎಚ್ಚರಿಕೆ ಪತ್ರ ಬರುತ್ತದೆ ಎಂಬುದನ್ನೂ ಹೇಳಿದರು. ಪತ್ರ ಬಂತು. ಆ ಕೆಲಸವನ್ನು ಮಾತ್ರ ಅವಳಿಂದ ಕಿತ್ತುಕೊಳ್ಳಲಿಲ್ಲ.

ಮನೆಯಲ್ಲಿ ಅಮ್ಮನಿಗೆ ವಿಷಯ ಗೊತ್ತಾದದ್ದು ಪತ್ರ ಕಣ್ಣಿಗೆ ಬಿದ್ದಾಗ. ಓದಿ, "ಯಾರಿಗೂ ಏನೂ ಆಗಿಲ್ಲ ತಾನೇ?" ಎಂದು ಕೇಳಿದರು. ಇಲ್ಲವೆಂದು ತಿಳಿದ ಮೇಲೆ ಪತ್ರ ಮಡಚಿ ಅವಳ ಕೈಗೆ ಕೊಟ್ಟರು.

ಮುರಿದದ್ದನ್ನು ಒಡೆದು ಸಾಗಿಸಿ, ಪೈಪು ಬದಲಿಸಿ, ನೆಲ ಗಟ್ಟಿ ಮಾಡಿ, ಮತ್ತೆ ಕಾಂಕ್ರೀಟ್ ಹಾಕುವಷ್ಟರಲ್ಲಿ ಐದು ವಾರ ಕಳೆದಿತ್ತು. ಈ ಸಲ ಅವಳೂ ಮೇಸ್ತ್ರಿಯೂ ಮಂಡಿಯೂರಿ ಒಂದೊಂದು ಕಂಬದ ಬುಡ ತಟ್ಟಿ ನೋಡಿದರು. ನಾಲ್ಕು ಗಂಟೆಗೆ ಕಾಂಕ್ರೀಟಿನ ಕೊನೆಯ ಬಾಣಲಿ ಸುರಿದಾಯಿತು. ಮೇಸ್ತ್ರಿ ಕೈ ತೊಳೆದುಕೊಂಡು ಬಂದು, "ಇನ್ನೇನಾದ್ರೂ ನೋಡೋದಿದೆಯಾ ಮೇಡಂ?" ಎಂದರು.

"ಬೆಳಗ್ಗೆ ಒಂದ್ಸಲ ಕೆಳಗೆ ನೋಡ್ತೀನಿ."

"ಆರಕ್ಕೆ ಬನ್ನಿ. ನಾನೂ ಬರ್ತೀನಿ."