ಚಂಚಿಯಲ್ಲಿ ಬೆಚ್ಚಗಿದ್ದ ಪ್ರೋಟೀನ್

ನನ್ನ ಅಕ್ಕನ ಮಗಳು ಶೇವಂತಾ ಈಗ ಡಾಕ್ಟರ್ ಶೇವಂತಾ. ಸೂಜಿ ಚುಚ್ಚುವ ಡಾಕ್ಟರಲ್ಲ. ಭಾಲ್ಕಿಯ ನಮ್ಮ ಓಣಿಯಲ್ಲಿ ಇದನ್ನು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಇನ್ನೂ ಮೊಣಕಾಲು ನೋವಿಗೆ ಗುಳಿಗೆ ಕೇಳಿಕೊಂಡು ಬರುವವರಿದ್ದಾರೆ. ನಾನು ಕಾಶೀರಾಮ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಮೂಗಿನ ತುದಿಯಲ್ಲೇ ಸಿಟ್ಟು ಅನ್ನುತ್ತಾರೆ, ನಿಜ. ಆದರೆ ಆಕೆಯ ಮಾತು ಬಂದರೆ ನನ್ನ ಎದೆ ಉಬ್ಬುತ್ತದೆ. ಉಬ್ಬಲಿ ಬಿಡಿ, ಯಾರಪ್ಪನ ಗಂಟೇನೂ ಹೋಗುವುದಿಲ್ಲ.

ಅಕ್ಕನ ಮನೆಯವರದು ಔರಾದ ತಾಲೂಕಿನ ಠಾಣಾ ಕುಶನೂರ. ಮಳೆ ಕೈಕೊಟ್ಟ ಒಂದು ವರ್ಷ ಊರಿನ ಅರ್ಧ ಮಂದಿ ಹೈದರಾಬಾದ, ಪುಣೆ ಎಂದು ಗುಳೆ ಹೊರಟರು. ಅಕ್ಕ ಶಾಲುಬಾಯಿ ಮತ್ತು ಭಾವ ಪಂಢರಿ ಮಾತ್ರ ಮಗಳ ಶಾಲೆ ತಪ್ಪಬಾರದೆಂದು ಬೀದರಿನಲ್ಲೇ ನಿಂತರು. ಭಾವ ಕಾಳುಕಡಿಯ ಪೇಟೆ ಗಾಂಧಿ ಗಂಜಿನಲ್ಲಿ ಹಮಾಲಿ ಹಿಡಿದ, ಅಕ್ಕ ಅಲ್ಲೇ ತೊಗರಿ ಹಸನು ಮಾಡುವ ಕೆಲಸಕ್ಕೆ ಸೇರಿದಳು. ಗಂಜಿನ ಹಿಂದಿನ ಒಂದೇ ಖೋಲಿಯಲ್ಲಿ ಓದಿ ಎಂಎಸ್ಸಿ ಮುಗಿಸಿದ ಶೇವಂತಾ ಬೀದರಿನದೇ ಒಂದು ಪ್ರಯೋಗಾಲಯದಲ್ಲಿ ಪಿಎಚ್‌ಡಿಗೆ ಸೇರಿದಳು.

ಆಕೆ ತಯಾರಿಸುತ್ತಿದ್ದುದು ಕೈನೇಸ್ ಎಂಬ ಪ್ರೋಟೀನ್. ನಮ್ಮ ಮೈಯ ಜೀವಕೋಶಕ್ಕೆ ಬಿಸಿಲು, ಪೆಟ್ಟು, ಏನೇ ಸಂಕಟ ಬಂದರೂ ಅದು ಎಚ್ಚೆತ್ತು ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸಿ ಕೆಲಸಕ್ಕೆ ಹಚ್ಚುತ್ತದೆ. ಮನುಷ್ಯರ ಆ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರ ಕೈಯಿಂದಲೇ ಪ್ರೋಟೀನ್ ಮಾಡಿಸಿ, ಶುದ್ಧಗೊಳಿಸಿ ಪುಟ್ಟ ಟ್ಯೂಬುಗಳಲ್ಲಿ ತುಂಬುವಳು. ಅದು ಔಷಧವಲ್ಲ, ಸಂಶೋಧನೆಗೆ ಮಾತ್ರ ಬರುವಂಥದ್ದು. ಸದಾ ಮಂಜುಗಡ್ಡೆಯಲ್ಲಿರಬೇಕು, ಬೆಚ್ಚಗಾದರೆ ಕೆಡುತ್ತದೆ.

"ಬಂಗಾರಕಿಂತ ಹೆಚ್ಚಿಂದೇನ ಅದು?" ಎಂದು ಅಕ್ಕ ಒಮ್ಮೆ ಕೇಳಿದ್ದಳು.

"ಬಂಗಾರಕಿಂತ ಹೆಚ್ಚಿಂದವ್ವಾ," ಎಂದಿದ್ದಳು ಮಗಳು. ಬೆಚ್ಚಗಾದರೆ ಕೆಡುತ್ತದೆ ಎನ್ನುವುದನ್ನು ಮಾತ್ರ ಹೇಳಲಿಲ್ಲ. ಓದಿದವರ ಬುದ್ಧಿ ಇಷ್ಟೇ.

ಬರಕ್ಕೆ ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ಬಂದ ಬೇಸಿಗೆ ಅದು. ನೀರಿಲ್ಲದೆ ಪ್ರಯೋಗಾಲಯಕ್ಕೂ ಬೀಗ ಹಾಕುತ್ತೇವೆಂದು ಹೇಳಿಬಿಟ್ಟರು. ಶೇವಂತಾಳ ಫೆಲೋಶಿಪ್ ಮುಗಿಯುತ್ತ ಬಂದಿತ್ತು. ಎರಡು ಸಲ ಕೆಟ್ಟುಹೋಗಿದ್ದ ಪ್ರೋಟೀನ್ ಆಗಷ್ಟೇ ಸರಿಯಾಗಿ ಬಂದಿತ್ತು. ಅದು ಕೆಲಸ ಮಾಡುತ್ತದೆಂದು ಹೈದರಾಬಾದಿನ ಲ್ಯಾಬಿನಲ್ಲಿ ತೋರಿಸಿದರೆ ಪಿಎಚ್‌ಡಿ, ಇಲ್ಲವಾದರೆ ಮತ್ತೆ ಮೊದಲಿನಿಂದ.

ಹೊರಡುವ ದಿನ ಟ್ಯೂಬುಗಳನ್ನು ಮಂಜುಗಡ್ಡೆಯಲ್ಲಿ ಹೂತಿಟ್ಟ ಥರ್ಮಾಕೋಲ್ ಡಬ್ಬಿ ಹಿಡಿದು ಖೋಲಿಗೆ ಬಂದಳು. ಮೊಸರು ಸಕ್ಕರೆ ತಿನ್ನದೆ ಊರು ಬಿಡಲು ಅಕ್ಕ ಒಪ್ಪುವುದಿಲ್ಲ. ಆಕೆಯನ್ನು ಬಸ್ ಹತ್ತಿಸಲು ನಾನೂ ಭಾಲ್ಕಿಯಿಂದ ಬಂದಿದ್ದೆ. ಅಷ್ಟರಲ್ಲಿ ನೀರಿನ ಟ್ಯಾಂಕರ್ ಬಂತು, ಶೇವಂತಾ ಕೊಡ ಎತ್ತಿಕೊಂಡು ಪಾಳಿಗೆ ಓಡಿದಳು. ಆಕೆ ಅತ್ತ ಹೋದದ್ದೇ ತಡ, ಭಾವನ ಜೊತೆ ಚೀಲ ಹೊರುತ್ತಿದ್ದ ಮಕ್ಬೂಲ ಬಿಸಿಲಿಗೆ ತಲೆ ತಿರುಗಿ ನಮ್ಮ ಬಾಗಿಲಲ್ಲೇ ಬಿದ್ದ. ಮೈ ಕೆಂಡದಂತೆ ಸುಡುತ್ತಿತ್ತು, ಮಾತು ತೊದಲುತ್ತಿತ್ತು. ನಾನು ಆಟೋ ಹುಡುಕಲು ಓಡಿದೆ.

ಅಕ್ಕ ಡಬ್ಬಿ ತೆಗೆದು ಇದ್ದಬದ್ದ ಮಂಜುಗಡ್ಡೆಯನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಅವನ ಕುತ್ತಿಗೆಗೆ, ಕಂಕುಳಿಗೆ ಇಟ್ಟಳು. ಟ್ಯೂಬುಗಳು ಬಂಗಾರಕ್ಕಿಂತ ಹೆಚ್ಚಿನವಲ್ಲವೇ? ಅವನ್ನು ಎಲ್ಲೆಂದರಲ್ಲಿ ಇಡುವಳೇ? ತನ್ನ ಎಲೆಯಡಿಕೆಯ ಚಂಚಿಯಲ್ಲಿ ಹಾಕಿ, ದಾರ ಬಿಗಿದು, ಸೊಂಟಕ್ಕೆ ಒತ್ತಿ ಸಿಕ್ಕಿಸಿಕೊಂಡಳು.

ನಾನು ಆಟೋ ತರುವುದಕ್ಕೂ ಶೇವಂತಾ ತುಂಬಿದ ಕೊಡದೊಂದಿಗೆ ಮರಳುವುದಕ್ಕೂ ಸರಿಹೋಯಿತು. ಖಾಲಿ ಡಬ್ಬಿ ನೋಡಿ, "ಅವ್ವಾ, ನನ್ನ ಟ್ಯೂಬ್ ಎಲ್ಲ್ಯಾವ?" ಎಂದಳು.

ಅಕ್ಕ ಸೊಂಟ ತಟ್ಟಿಕೊಂಡಳು. "ಎಲ್ಲಿ ಹೋಗ್ತಾವ? ಚಂಚ್ಯಾಗ ಜ್ವಾಕಿ ಇಟ್ಟೀನಿ."

ಶೇವಂತಾಳ ಮುಖ ಬಿಳಿಚಿತು. ಬೈಯುತ್ತಾಳೆಂದುಕೊಂಡೆ, ಆಕೆಯ ಜಾಗದಲ್ಲಿ ನಾನಿದ್ದರೆ ಗಂಜೆಲ್ಲ ಕೇಳುವಂತೆ ಕೂಗಾಡುತ್ತಿದ್ದೆ. ಆಕೆ ದುಪಟ್ಟಾವನ್ನು ಕೊಡದಲ್ಲಿ ಅದ್ದಿ ಮಕ್ಬೂಲನ ಎದೆಯ ಮೇಲೆ ಹಾಸಿದಳು. ಅವನನ್ನು ದವಾಖಾನೆಗೆ ಕಳಿಸಿ, ಕಬ್ಬಿನ ರಸದ ಬಂಡಿಯ ರಶೀದ ಅಹ್ಮದನಿಂದ ಮಂಜುಗಡ್ಡೆ ತಂದು, ಟ್ಯೂಬು ಒಳಗಿಟ್ಟು ಬಸ್ ಹತ್ತಿದಳು.

ಹೈದರಾಬಾದಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ದಾರಿಯುದ್ದಕ್ಕೂ ಮಂಜುಗಡ್ಡೆಯಲ್ಲೇ ಇತ್ತೇ? ಹೌದು ಎಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಲ್ಲ, ನಡುವೆ ಬೆಚ್ಚಗಾಗಿದೆ ಎಂದಳು. ಪರೀಕ್ಷೆ ಲೆಕ್ಕಕ್ಕೆ ಬರುವುದಿಲ್ಲವೆಂದರು. ಆದರೂ ಒಮ್ಮೆ ನೋಡಿರೆಂದು ಗಂಟುಬಿದ್ದಳು. ನೋಡಿದರು. ಕಸುವು ಅರ್ಧ ಇಳಿದಿತ್ತು, ಅರ್ಧ ಉಳಿದಿತ್ತು.

ಫೆಲೋಶಿಪ್ ನಿಂತಿತು. ಟ್ಯೂಷನ್ ಹೇಳಿಕೊಂಡು ಮಳೆಗಾಲದವರೆಗೆ ಕಾದಳು. ಲ್ಯಾಬಿನ ಬೀಗ ತೆಗೆದ ಮೇಲೆ ಮತ್ತೆ ಮೊದಲಿನಿಂದ ಮಾಡಿದಳು. ಈ ಸಲ ಪ್ರೋಟೀನ್ ಹೈದರಾಬಾದಿನ ಪರೀಕ್ಷೆಯಲ್ಲಿ ಗೆದ್ದಿತು. ಸ್ವಲ್ಪ ಪ್ರೋಟೀನನ್ನು ಬೇಕೆಂದೇ ಮೈ ಶಾಖದಲ್ಲಿಟ್ಟು, ಕಸುವು ಹೇಗೆ ಇಳಿಯುತ್ತದೆಂದು ಅಳೆದು ಪ್ರಬಂಧದಲ್ಲಿ ಸೇರಿಸಿದಳು.

ಪಿಎಚ್‌ಡಿಯ ಕೊನೆಯ ಮೌಖಿಕ ಪರೀಕ್ಷೆ ಎಲ್ಲರೆದುರು ನಡೆಯುತ್ತದೆ. ಹಿಂದಿನ ಸಾಲಿನಲ್ಲಿ ಅಕ್ಕ, ಪಕ್ಕದಲ್ಲಿ ನಾನು. ಇಂಗ್ಲಿಷಿನಲ್ಲೇ ಕೇಳುತ್ತಿದ್ದ ಪರೀಕ್ಷಕರು ಕೊನೆಗೆ ಕನ್ನಡಕ್ಕೆ ಇಳಿದರು. "ಇದನ್ನ ಮೈ ಶಾಖದಲ್ಲಿ ಇಟ್ಟು ನೋಡಬೇಕು ಅಂತ ನಿಮಗ್ಯಾಕೆ ಅನ್ನಿಸ್ತು?"

ಅಷ್ಟು ಹೊತ್ತು ಏನೂ ತಿಳಿಯದೆ ಕುಳಿತಿದ್ದ ಅಕ್ಕನಿಗೆ ಇದು ತಿಳಿಯಿತು. ದಡಕ್ಕನೆ ಎದ್ದು ಕೈಮುಗಿದಳು.

"ತಪ್ಪು ನಂದರಿ ಸಾಹೇಬ್ರ. ಚಂಚ್ಯಾಗ ಇಟ್ಟಾಕಿ ನಾನು. ಆಕೀದೇನೂ ತಪ್ಪಿಲ್ರಿ."

ನಾನು ಸೆರಗು ಹಿಡಿದು ಜಗ್ಗಿದೆ. ಆಕೆ ಕೂರಲಿಲ್ಲ. ಸಭೆಯಲ್ಲಿ ಯಾರೋ ಕಿಸಕ್ಕೆಂದರು.

"ಸರ್, ಇವರು ನಮ್ಮವ್ವರಿ," ಎಂದಳು ಶೇವಂತಾ. "ಅವತ್ತ ನನ್ನ ಡಬ್ಬ್ಯಾಗಿನ ಬರ್ಫ ತಗದು ಒಬ್ಬರ ಜೀವಾ ಉಳಿಸ್ಯಾರ. ಈ ಪ್ರಯೋಗ ಮೊದಲು ಮಾಡಿದವರೂ ಅವರೇರಿ. ನಾ ಅಳತಿ ಅಷ್ಟ ಮಾಡೀನಿ."

ಪರೀಕ್ಷಕರು ಕನ್ನಡಕ ತೆಗೆದು ಅಕ್ಕನನ್ನೇ ನೋಡಿದರು. "ತಪ್ಪೇನಿಲ್ಲಮ್ಮ. ಕೂತ್ಕೊಳ್ಳಿ."

ಅಕ್ಕ ಕೈ ಇಳಿಸಲಿಲ್ಲ.

"ಹಂಗಾರ ಆಕಿಗಿ ಪಾಸ್ ಮಾಡ್ತೀರೇನ್ರಿ?"

"ಮಾಡ್ತೀವಿ," ಎಂದರು ಅವರು. ಆಗ ಕುಳಿತಳು.